ಎಣಿಕೆಯೂ ಚಿಕಿತ್ಸೆಯೇ

ಮಕ್ಕಳ ಹೃದ್ರೋಗದ ಮಾತು ಬಂದರೆ ನಮ್ಮ ಕರಾವಳಿಯಲ್ಲಿ ಮೊದಲು ಕೇಳಿಬರುವುದು ಶಸ್ತ್ರಚಿಕಿತ್ಸಕರ ಹೆಸರು. ಕಿನ್ನಿಗೋಳಿಯಲ್ಲಿ ಹುಟ್ಟಿ, ಮಂಗಳೂರಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಓದಿ, ಬೆಂಗಳೂರಿನಲ್ಲಿ ನಾರಾಯಣ ಹೃದಯಾಲಯವನ್ನು ಕಟ್ಟಿದ ಡಾ. ದೇವಿ ಶೆಟ್ಟಿಯವರ ಬಗ್ಗೆ ಇಲ್ಲಿನ ಜನರಿಗಿರುವ ಹೆಮ್ಮೆ ನ್ಯಾಯವಾದದ್ದೇ. ಎದೆ ತೆರೆದು, ಲಿಂಬೆಹಣ್ಣಿಗಿಂತ ದೊಡ್ಡದಲ್ಲದ ಹೃದಯವನ್ನು ರಿಪೇರಿ ಮಾಡಿ, ಮಗುವನ್ನು ತಾಯಿಯ ಕೈಗೆ ಮರಳಿಸುವ ಕೆಲಸಕ್ಕೆ ಸಲ್ಲುವ ಗೌರವ ಎಂದೂ ಹೆಚ್ಚಾಗದು. ಆದರೆ ಇದೇ ರೋಗದ ಮೇಲೆ ಜೀವಮಾನವಿಡೀ ದುಡಿದ ಇನ್ನೊಂದು ಬಗೆಯ ವೈದ್ಯರಿದ್ದಾರೆ. ಅವರ ಕೈಯಲ್ಲಿ ಕತ್ತಿಯಿಲ್ಲ, ದಾಖಲೆ ಪುಸ್ತಕವಿದೆ. ಯಾವ ಮಗುವಿಗೆ ಯಾವ ದೋಷ, ಎಷ್ಟು ಮಕ್ಕಳಿಗೆ, ಯಾವ ಊರಿನಲ್ಲಿ, ಯಾವಾಗ ಗೊತ್ತಾಯಿತು, ಆಮೇಲೆ ಏನಾಯಿತು ಎಂದು ಅವರು ಲೆಕ್ಕ ಇಡುತ್ತಾರೆ. ಈ ಲೆಕ್ಕವನ್ನು ನಾವು ಸಂಶೋಧನೆಯ ಪೂರ್ವತಯಾರಿ ಎಂದೋ ಸರಕಾರಿ ಕಡತದ ಕೆಲಸ ಎಂದೋ ಬದಿಗಿಡುತ್ತೇವೆ. ನನ್ನ ವಾದ ಬೇರೆ. ಮಕ್ಕಳ ಹೃದ್ರೋಗದ ವಿಷಯದಲ್ಲಿ ಎಣಿಕೆಯೇ ಚಿಕಿತ್ಸೆಯ ಮೊದಲ ಹಂತ. ಅದನ್ನು ಬಿಟ್ಟು ಕಟ್ಟಿದ ಎಷ್ಟು ಆಸ್ಪತ್ರೆಗಳೂ ಘಟ್ಟದ ಬುಡದ ಹೆಬ್ರಿಯಂಥ ತಾಲೂಕಿನ ಮಗುವನ್ನು ತಲುಪಲಾರವು.

ಈ ವೈದ್ಯಶಾಖೆಯ ಚರಿತ್ರೆಯೇ ಇದಕ್ಕೆ ಮೊದಲ ಸಾಕ್ಷಿ. ಕೆನಡಾದ ಮಾಡ್ ಅಬಟ್ ಅವರನ್ನು ಹೆಣ್ಣೆಂಬ ಕಾರಣಕ್ಕೆ ಮೆಕ್‌ಗಿಲ್ ವಿಶ್ವವಿದ್ಯಾಲಯ ವೈದ್ಯ ಶಿಕ್ಷಣಕ್ಕೆ ಸೇರಿಸಿಕೊಳ್ಳಲಿಲ್ಲ. ಬೇರೆಡೆ ಓದಿ ಡಾಕ್ಟರಾದ ಮೇಲೆ ಅದೇ ವಿಶ್ವವಿದ್ಯಾಲಯ ಅವರಿಗೆ ಕೊಟ್ಟದ್ದು ವೈದ್ಯಕೀಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುವ ಕೆಲಸ. ಗಾಜಿನ ಭರಣಿಗಳಲ್ಲಿಟ್ಟ ಹೃದಯಗಳನ್ನು ಅವರು ಒಂದೊಂದಾಗಿ ಪರೀಕ್ಷಿಸಿದರು, ವಿಂಗಡಿಸಿದರು, ಆ ರೋಗಿ ಬದುಕಿದ್ದಾಗ ಕಾಣಿಸಿದ್ದ ಲಕ್ಷಣಗಳೊಂದಿಗೆ ಜೋಡಿಸಿದರು. 1936ರಲ್ಲಿ ಪ್ರಕಟವಾದ ಅವರ ಜನ್ಮಜಾತ ಹೃದ್ರೋಗಗಳ ಅಟ್ಲಾಸ್ ಸಾವಿರ ಪ್ರಕರಣಗಳ ಮೇಲೆ ನಿಂತಿತ್ತು. ಅಲ್ಲಿಯವರೆಗೆ ಹುಟ್ಟಿನಿಂದ ಬಂದ ಹೃದಯದೋಷವೆಂದರೆ ಏನೂ ಮಾಡಲಾಗದ ವಿಧಿವಿಲಾಸ ಎಂದು ವೈದ್ಯರೇ ಕೈಚೆಲ್ಲಿದ್ದರು. ದೋಷಗಳಿಗೆ ಹೆಸರು, ಕ್ರಮ, ಲೆಕ್ಕ ಬಂದದ್ದೇ ತಡ, 1938ರಲ್ಲಿ ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಮುಚ್ಚದೆ ಉಳಿದಿದ್ದ ರಕ್ತನಾಳವೊಂದನ್ನು ಕಟ್ಟಿ ಮಗುವೊಂದನ್ನು ಗುಣಪಡಿಸಿದರು. ಬಾಲ್ಟಿಮೋರಿನ ಹೆಲೆನ್ ಟೌಸಿಗ್ ತಮ್ಮ ಬಳಿಗೆ ಬರುತ್ತಿದ್ದ ನೀಲಿಗಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ, ಅದೇ ನಾಳ ತೆರೆದಿರುವ ತನಕ ಕೆಲವು ಮಕ್ಕಳು ಚೆನ್ನಾಗಿದ್ದು, ಅದು ಮುಚ್ಚಿದೊಡನೆ ಕುಸಿಯುವುದನ್ನು ಗುರುತಿಸಿದರು. ಹಾಗಿದ್ದರೆ ಅಂಥ ನಾಳವೊಂದನ್ನು ನಾವೇ ಏಕೆ ನಿರ್ಮಿಸಬಾರದು ಎಂಬ ಅವರ ಪ್ರಶ್ನೆಯಿಂದ 1944ರ ನವೆಂಬರ್ 29ರ ಆ ಪ್ರಸಿದ್ಧ ಶಸ್ತ್ರಚಿಕಿತ್ಸೆ ಹುಟ್ಟಿತು. ಕತ್ತಿ ಹಿಡಿದವರು ಆಲ್ಫ್ರೆಡ್ ಬ್ಲೇಲಾಕ್. ನಾಯಿಗಳ ಮೇಲೆ ಪ್ರಯೋಗ ನಡೆಸಿ ವಿಧಾನವನ್ನು ಪಳಗಿಸಿಕೊಟ್ಟವರು ವಿವಿಯನ್ ಥಾಮಸ್. ಆದರೆ ದಾರಿ ತೋರಿಸಿದ್ದು ಟೌಸಿಗ್ ಅವರ ತಾಳ್ಮೆಯ ಗಮನಿಕೆ, ಅದರ ಹಿಂದೆ ಅಬಟ್ ಅವರ ಸಾವಿರ ಹೃದಯಗಳು.

ಅಬಟ್ ಅವರು ಎಣಿಸಿದ್ದು ಸತ್ತವರ ಹೃದಯಗಳನ್ನು. ಇಂದು ಎಣಿಸಬೇಕಾದದ್ದು ಬದುಕಿರುವ ಮಕ್ಕಳನ್ನು, ಅದೂ ಸಕಾಲದಲ್ಲಿ. ಜಗತ್ತಿನಾದ್ಯಂತ ಹುಟ್ಟುವ ಪ್ರತಿ ಸಾವಿರ ಶಿಶುಗಳಲ್ಲಿ ಎಂಟೊಂಬತ್ತಕ್ಕೆ ಹೃದಯದ ರಚನೆಯಲ್ಲಿ ಒಂದಲ್ಲ ಒಂದು ದೋಷವಿರುತ್ತದೆ. ಭಾರತದಲ್ಲಿ ವರ್ಷಕ್ಕೆ ಇಂಥ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟುತ್ತಾರೆಂದು ತಜ್ಞರ ಅಂದಾಜು. ಅವರಲ್ಲಿ ಸುಮಾರು ಐದನೇ ಒಂದು ಪಾಲಿಗೆ ಮೊದಲ ವರ್ಷದೊಳಗೇ ಚಿಕಿತ್ಸೆ ಬೇಕು. ವರ್ಷಕ್ಕೆ ಹತ್ತು ಸಾವಿರ ಹೆರಿಗೆಯಾಗುವ ಜಿಲ್ಲೆಯೊಂದನ್ನು ಊಹಿಸಿಕೊಂಡರೆ ಅಲ್ಲಿ ಎಂಬತ್ತು ತೊಂಬತ್ತು ಮಕ್ಕಳಿಗೆ ದೋಷ, ಹದಿನಾರರಿಂದ ಹದಿನೆಂಟು ಮಕ್ಕಳಿಗೆ ತುರ್ತು. ಇವರು ಎಲ್ಲಿದ್ದಾರೆ? ಆಸ್ಪತ್ರೆಯ ದಾಖಲೆಗೆ ಬಾಗಿಲು ದಾಟಿ ಒಳಬಂದವರು ಮಾತ್ರ ಗೊತ್ತು. ಗರ್ಭದಲ್ಲಿರುವಾಗ ಶಿಶುವಿನ ಶ್ವಾಸಕೋಶ ಕೆಲಸ ಮಾಡುವುದಿಲ್ಲವಾದ್ದರಿಂದ ರಕ್ತ ಅದನ್ನು ಬಳಸಿ ಹೋಗಲು ಒಂದು ಕಿರುನಾಳವಿರುತ್ತದೆ. ಟೌಸಿಗ್ ಅವರು ಗಮನಿಸಿದ್ದು ಈ ನಾಳವನ್ನೇ. ಹುಟ್ಟಿದ ಕೆಲವು ದಿನಗಳಲ್ಲಿ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಕೆಲವು ತೀವ್ರ ದೋಷಗಳಲ್ಲಿ ಮಗುವಿನ ಜೀವ ನಿಂತಿರುವುದೇ ಆ ನಾಳದ ಮೇಲೆ. ಹೀಗಾಗಿ ಹೆರಿಗೆ ವಾರ್ಡಿನಲ್ಲಿ ಗುಂಡುಗುಂಡಾಗಿ ಕಾಣುತ್ತಿದ್ದ ಮಗು ಮನೆಗೆ ಹೋದ ಮೇಲೆ ಹಾಲು ಕುಡಿಯುವಾಗ ಬೆವರುತ್ತದೆ, ಏದುಸಿರು ಬಿಡುತ್ತದೆ, ಒಂದು ರಾತ್ರಿ ತಣ್ಣಗಾಗುತ್ತದೆ. ಹಾಲು ನೆತ್ತಿಗೆ ಹತ್ತಿತು, ಕಫ ಕಟ್ಟಿತು, ಗ್ರಹಚಾರ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಕಾಗದದಲ್ಲಿ ನ್ಯುಮೋನಿಯಾ ಎಂದು ಬರೆದರೂ ಬರೆದಾರು. ಹೃದ್ರೋಗದ ಲೆಕ್ಕಕ್ಕೆ ಆ ಮಗು ಬರುವುದೇ ಇಲ್ಲ. ಲೆಕ್ಕಕ್ಕೆ ಬಾರದ ಸಾವು ಯಾವ ಬಜೆಟ್ಟಿಗೂ, ಯಾವ ಪ್ರಬಂಧಕ್ಕೂ, ಯಾವ ಅಧಿಕಾರಿಯ ಸಭೆಗೂ ಬರುವುದಿಲ್ಲ.

ಹೆಬ್ರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಲು ಕಾರಣವಿದೆ. ಆಗುಂಬೆ ಘಾಟಿಯ ಬುಡದ ಈ ತಾಲೂಕಿಗೆ ಮಣಿಪಾಲ ಬಹಳ ದೂರವೇನಲ್ಲ, ಸುಮಾರು ಮೂವತ್ತು ಕಿಲೋಮೀಟರು. ಕಾರ್ಕಳದಲ್ಲಿ ತಾಲೂಕು ಆಸ್ಪತ್ರೆ, ಉಡುಪಿಯಲ್ಲಿ ಜಿಲ್ಲಾಸ್ಪತ್ರೆ ಮತ್ತು ತಾಯಿ-ಮಕ್ಕಳ ಆಸ್ಪತ್ರೆ, ಮಣಿಪಾಲದಲ್ಲಿ ದೇಶದ ಹೆಸರಾಂತ ವೈದ್ಯಕೀಯ ಕಾಲೇಜು ಇವೆ. ಸೌಲಭ್ಯವೇ ಇಲ್ಲದ ಜಾಗದಲ್ಲಿ ಮಗು ಸತ್ತರೆ ಸೌಲಭ್ಯದ ಕೊರತೆಯನ್ನು ದೂರಬಹುದು. ಇಷ್ಟು ಹತ್ತಿರದಲ್ಲಿ ಇಷ್ಟೊಂದು ಇರುವಾಗಲೂ ಸೋಮೇಶ್ವರ, ನಾಡ್ಪಾಲು, ಕಬ್ಬಿನಾಲೆಯ ಕಡೆಯ ಮಗುವೊಂದು ತಡವಾಗಿ ಬಂದರೆ ಕೊರತೆಯಿರುವುದು ಬೇರೆಲ್ಲೋ. ಆ ಮಗುವಿಗೆ ರೋಗವಿದೆ ಎಂಬ ಸಂಗತಿ ಯಾರಿಗೂ ಗೊತ್ತಿರಲಿಲ್ಲ, ಅಥವಾ ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ತಲುಪಲಿಲ್ಲ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತನ ಮುಗಿಸಿ ಮಗು ಗಂಡನ ಮನೆಗೆ, ಅಲ್ಲಿಂದ ತಂದೆಯ ಉದ್ಯೋಗದ ದೆಸೆಯಿಂದ ಬೆಂಗಳೂರಿಗೋ ಮುಂಬೈಗೋ ಕೊಲ್ಲಿ ದೇಶಕ್ಕೋ ಹೋಗುತ್ತದೆ. ತಾಯಿ ಕಾರ್ಡು ಒಂದು ಕಡೆ, ಚುಚ್ಚುಮದ್ದಿನ ಚೀಟಿ ಇನ್ನೊಂದು ಕಡೆ, ಹೃದಯದ ಸ್ಕ್ಯಾನ್ ಆದ ಎಕೋ ವರದಿ ಮತ್ತೊಂದು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಮಗುವಿನ ಜೊತೆ ಸಾಗುವ ಒಂದೇ ದಾಖಲೆ ಇಲ್ಲದಿದ್ದರೆ ಪ್ರತಿ ಡಾಕ್ಟರೂ ಅದನ್ನು ಮೊದಲ ಬಾರಿಗೆ ನೋಡಿದಂತೆಯೇ ನೋಡಬೇಕಾಗುತ್ತದೆ.

ಹುಟ್ಟಿದ ಮಗುವನ್ನು ಎಣಿಕೆಗೆ ತರಲು ದುಬಾರಿ ಯಂತ್ರ ಬೇಕಿಲ್ಲ ಎಂಬುದನ್ನು ಕಳೆದ ಎರಡು ದಶಕಗಳ ಸಂಶೋಧನೆ ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿದೆ. ಕೊರೋನಾ ಕಾಲದಲ್ಲಿ ಮನೆಮನೆಗೆ ಪರಿಚಯವಾದ ಪಲ್ಸ್ ಆಕ್ಸಿಮೀಟರನ್ನು ಶಿಶುಗಳಿಗೆ ಹೊಂದುವ ಪಟ್ಟಿಯೊಂದಿಗೆ ಮಗುವಿನ ಬಲಗೈಗೂ ಒಂದು ಪಾದಕ್ಕೂ ಹಿಡಿದರೆ ಸಾಕು. ಎರಡೂ ಕಡೆ ಆಮ್ಲಜನಕದ ಪ್ರಮಾಣ ಶೇ. 95ರ ಒಳಗಿದ್ದರೆ, ಅಥವಾ ಕೈಗೂ ಕಾಲಿಗೂ ಮೂರು ಅಂಶಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ, ಮತ್ತೆ ಅಳೆದು ನೋಡಿ ಎಕೋಗೆ ಕಳಿಸಬೇಕು, ಶೇ. 90ಕ್ಕಿಂತ ಕೆಳಗಿದ್ದರೆ ಕಾಯಲೇಬಾರದು. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆ 13 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯನ್ನು ಪ್ರಕಟಿಸಿತು. 2,29,421 ನವಜಾತ ಶಿಶುಗಳ ಆ ಲೆಕ್ಕದಲ್ಲಿ ಈ ಪರೀಕ್ಷೆ ತೀವ್ರ ದೋಷವಿದ್ದ ನಾಲ್ಕು ಮಕ್ಕಳಲ್ಲಿ ಮೂವರನ್ನು ಹಿಡಿಯಿತು. ಅಮೆರಿಕ 2011ರಲ್ಲಿ ಇದನ್ನು ನವಜಾತ ಶಿಶುಗಳ ತಪಾಸಣಾ ಪಟ್ಟಿಗೆ ಸೇರಿಸಿತು. ಅದನ್ನು ಕಡ್ಡಾಯ ಮಾಡಿ ಜಾರಿಗೆ ತಂದ ರಾಜ್ಯಗಳಲ್ಲಿ ತೀವ್ರ ಹೃದಯದೋಷದಿಂದಾಗುವ ಶಿಶುಮರಣ ಸುಮಾರು ಮೂರನೇ ಒಂದು ಪಾಲು ಕಡಿಮೆಯಾಯಿತು ಎಂದು 2017ರ ಅಧ್ಯಯನ ಹೇಳಿತು. ಆ ಅವಧಿಯಲ್ಲಿ ಅಲ್ಲಿ ಹೊಸ ಶಸ್ತ್ರಚಿಕಿತ್ಸೆಯೇನೂ ಬರಲಿಲ್ಲ. ಇದ್ದ ಶಸ್ತ್ರಚಿಕಿತ್ಸೆಗೆ ಮಕ್ಕಳು ಹೊತ್ತಿಗೆ ಸರಿಯಾಗಿ ಸಿಕ್ಕಿದರು. ನಾಳವನ್ನು ತೆರೆದಿಡುವ ಪ್ರೊಸ್ಟಾಗ್ಲಾಂಡಿನ್ ಔಷಧಿ 1970ರ ದಶಕದಿಂದಲೇ ಇದೆ. ರೋಗ ಗೊತ್ತಿದ್ದರೆ ಆ ಡ್ರಿಪ್ ಹಾಕಿಕೊಂಡು ಮಗು ನೂರಾರು ಕಿಲೋಮೀಟರು ಹೋಗಬಲ್ಲುದು. ಗೊತ್ತಿಲ್ಲದಿದ್ದರೆ ಮೂವತ್ತು ಕಿಲೋಮೀಟರೂ ದೂರವೇ.

ಹುಟ್ಟಿದ ಮೇಲೆ ಬರುವ ಹೃದ್ರೋಗಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನಿಂದಾದ ಗಂಟಲುನೋವು ವಾಸಿಯಾಗಿ ಕೆಲವು ವಾರಗಳ ನಂತರ ಕೆಲವು ಮಕ್ಕಳಿಗೆ ಕೀಲುನೋವಿನ ಜ್ವರ ಬರುತ್ತದೆ. ಜ್ವರ ಇಳಿಯುತ್ತದೆ, ಕೀಲುಗಳೂ ಸರಿಯಾಗುತ್ತವೆ, ಹೃದಯದ ಕವಾಟ ಮಾತ್ರ ಮೆಲ್ಲಗೆ ಬಿಗಿಯುತ್ತಲೋ ಸೋರುತ್ತಲೋ ಹೋಗುತ್ತದೆ. ಇಕ್ಕಟ್ಟಾದ ಮನೆ, ಬಡತನ, ಚಿಕಿತ್ಸೆ ಕಾಣದ ಗಂಟಲುನೋವು ಇರುವಲ್ಲಿ ಇದು ನೆಲೆಯೂರುತ್ತದೆ. ಹಿಂದೆ ಸ್ಟೆತಸ್ಕೋಪಿಗೆ ಕೇಳಿಸಿದ್ದಷ್ಟೇ ಲೆಕ್ಕ. ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯ ಡಾ. ಅನಿತಾ ಸಕ್ಸೇನಾ ಮತ್ತು ಸಂಗಡಿಗರು ಹರಿಯಾಣದ ಬಲ್ಲಭಗಢದಲ್ಲಿ 6,270 ಶಾಲಾಮಕ್ಕಳನ್ನು ಎಕೋ ಯಂತ್ರದಿಂದಲೂ ಪರೀಕ್ಷಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸ್ಟೆತಸ್ಕೋಪಿಗೆ ಸಾವಿರಕ್ಕೆ ಒಬ್ಬರೂ ಸಿಕ್ಕಿರಲಿಲ್ಲ. ಎಕೋಗೆ ಸಾವಿರಕ್ಕೆ ಇಪ್ಪತ್ತು ಮಕ್ಕಳು ಸಿಕ್ಕಿದರು. ಇಷ್ಟು ಸೌಮ್ಯವಾದ ಬದಲಾವಣೆಯನ್ನು ಹಿಡಿದು ಪ್ರಯೋಜನವೇನು ಎಂಬ ಪ್ರಶ್ನೆ ಹಲವು ವರ್ಷ ಉಳಿದಿತ್ತು. ಉಗಾಂಡದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಸಂಶೋಧನೆ ಅದಕ್ಕೆ ಉತ್ತರ ಕೊಟ್ಟಿತು. ಆರಂಭದ ಹಂತದ ರೋಗವಿದ್ದ 818 ಮಕ್ಕಳಲ್ಲಿ ಅರ್ಧ ಜನರಿಗೆ ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದು ಕೊಟ್ಟರು. ಎರಡು ವರ್ಷದ ಕೊನೆಗೆ ರೋಗ ಮುಂದುವರಿದದ್ದು ಚುಚ್ಚುಮದ್ದು ಪಡೆದ ಮೂವರಲ್ಲಿ, ಪಡೆಯದ 33 ಮಕ್ಕಳಲ್ಲಿ. ಔಷಧಿ ಹಳೆಯದು, ಅಗ್ಗದ್ದು. ಹೊಸದೆಂದರೆ ಅದು ಯಾರಿಗೆ ಬೇಕೆಂದು ಗೊತ್ತಾದದ್ದು. ಈ ಚಿಕಿತ್ಸೆಯ ಜೀವಾಳವೂ ದಾಖಲೆಯೇ: ಯಾವ ಮಗುವಿನ ಮುಂದಿನ ಚುಚ್ಚುಮದ್ದು ಎಂದು, ಯಾರು ಬರಲಿಲ್ಲ, ಯಾರ ಮನೆಗೆ ಹೋಗಬೇಕು ಎಂಬುದನ್ನು ವರ್ಷಗಟ್ಟಲೆ ನೆನಪಿಡಬೇಕು.

ಇದನ್ನು ಒಂದು ರಾಜ್ಯದ ಮಟ್ಟದಲ್ಲಿ ಮಾಡಿ ತೋರಿಸಿದವರು ನಮ್ಮ ನೆರೆಯವರು. ಕೊಚ್ಚಿಯ ಅಮೃತಾ ಆಸ್ಪತ್ರೆಯ ಮಕ್ಕಳ ಹೃದ್ರೋಗ ತಜ್ಞ ಡಾ. ರಾಮನ್ ಕೃಷ್ಣಕುಮಾರ್ ದಶಕಗಳಿಂದ ಬರೆಯುತ್ತ ಬಂದಿರುವ ಪ್ರಬಂಧಗಳ ತಿರುಳು ಇದೇ: ಬಡ ಮತ್ತು ಮಧ್ಯಮ ಆದಾಯದ ನಾಡಿನಲ್ಲಿ ಮಕ್ಕಳ ಹೃದಯ ಚಿಕಿತ್ಸೆಯ ಯಶಸ್ಸನ್ನು ಒಂದು ಆಸ್ಪತ್ರೆಯ ಗೋಡೆಯೊಳಗೆ ಅಳೆಯದೆ, ಇಡೀ ಜನಸಮುದಾಯದ ಮಟ್ಟದಲ್ಲಿ ಅಳೆಯಬೇಕು. ಕೇರಳ ಸರಕಾರ 2017ರಲ್ಲಿ ಆರಂಭಿಸಿದ ಹೃದ್ಯಂ ಯೋಜನೆ ಈ ವಿಚಾರಕ್ಕೆ ಆಡಳಿತದ ರೂಪ ಕೊಟ್ಟಿತು. ಯಾವ ಜಿಲ್ಲೆಯಲ್ಲಿ ಮಗು ಸಿಕ್ಕರೂ ಹೆಸರು ಒಂದೇ ನೋಂದಣಿಗೆ ಸೇರುತ್ತದೆ, ತಜ್ಞರು ವರದಿ ನೋಡಿ ಎಷ್ಟು ತುರ್ತು ಎಂದು ನಿರ್ಧರಿಸುತ್ತಾರೆ, ಸರಕಾರಿ ಆಸ್ಪತ್ರೆಯಲ್ಲಿ ಜಾಗವಿಲ್ಲದಿದ್ದರೆ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯಲ್ಲಿ ಉಚಿತವಾಗಿ ಚಿಕಿತ್ಸೆಯಾಗುತ್ತದೆ. ಕಾಸರಗೋಡಿನ ಕನ್ನಡ ಮನೆಗಳ ಮಕ್ಕಳೂ ಈ ನೋಂದಣಿಯ ವ್ಯಾಪ್ತಿಯಲ್ಲಿದ್ದಾರೆ. ಮಂಜೇಶ್ವರದ ತಾಯಿಗೂ ಹೆಬ್ರಿಯ ತಾಯಿಗೂ ಮಾತು, ಊಟ, ನಂಬಿಕೆಗಳಲ್ಲಿ ಹೆಚ್ಚು ಅಂತರವಿಲ್ಲ. ಅವರ ಮಕ್ಕಳ ಹೆಸರು ಸೇರುವ ಪುಸ್ತಕದಲ್ಲಿ ಅಂತರವಿದೆ. 2020ರ ಮಾದರಿ ನೋಂದಣಿ ವರದಿಯಂತೆ ಸಾವಿರ ಜನನಕ್ಕೆ ಶಿಶುಮರಣ ಕೇರಳದಲ್ಲಿ 6, ಕರ್ನಾಟಕದಲ್ಲಿ 19. ಈ ವ್ಯತ್ಯಾಸವನ್ನೆಲ್ಲ ಒಂದು ಯೋಜನೆಯ ಖಾತೆಗೆ ಹಾಕುವುದು ಅಪ್ರಾಮಾಣಿಕತೆ. ಅದರ ಹಿಂದೆ ಹೆಣ್ಣುಮಕ್ಕಳ ಶಿಕ್ಷಣವಿದೆ, ಹಲವು ತಲೆಮಾರುಗಳ ಆರೋಗ್ಯ ವ್ಯವಸ್ಥೆಯಿದೆ. ಆದರೆ ಸೋಂಕು, ಭೇದಿಗಳಿಂದಾಗುವ ಸಾವು ಇಳಿದಂತೆಲ್ಲ ಉಳಿದ ಸಾವುಗಳಲ್ಲಿ ಹುಟ್ಟುದೋಷಗಳ ಪಾಲು ಏರುತ್ತದೆ. ಇನ್ನಷ್ಟು ಇಳಿಸಬೇಕೆನ್ನುವ ರಾಜ್ಯ ಹೃದಯದೋಷವನ್ನು ಬಿಟ್ಟು ಮುಂದೆ ಹೋಗಲಾಗದು ಎಂಬ ಪಾಠವಂತೂ ಅದರಲ್ಲಿದೆ.

ಇದಕ್ಕೆ ಗಂಭೀರವಾದ ಆಕ್ಷೇಪಗಳಿವೆ. ಚಿಕಿತ್ಸೆ ಕೊಡಲಾಗದಿದ್ದರೆ ಪತ್ತೆ ಮಾಡುವುದು ಕ್ರೌರ್ಯವಲ್ಲವೇ ಎಂಬುದು ಮೊದಲನೆಯದು. ಶಸ್ತ್ರಚಿಕಿತ್ಸಾ ಕೇಂದ್ರಗಳಲ್ಲಿ ಈಗಲೇ ಸರದಿ ಉದ್ದವಿದೆ. ಇನ್ನಷ್ಟು ಮಕ್ಕಳನ್ನು ಹುಡುಕಿ ತಂದು ನಿಲ್ಲಿಸಿದರೆ ತಂದೆತಾಯಿಗೆ ಆತಂಕ ಕೊಟ್ಟಂತಾದೀತೇ ಹೊರತು ಪರಿಹಾರ ಕೊಟ್ಟಂತಾಗದು ಎಂದು ಅನುಭವಿ ವೈದ್ಯರೇ ಕೇಳುತ್ತಾರೆ. ಏನೂ ಇಲ್ಲದ ದೇಶದಲ್ಲಿ ಈ ಮಾತಿಗೆ ತೂಕವಿತ್ತು. ಕರ್ನಾಟಕದಲ್ಲಿ ಜಯದೇವ ಸಂಸ್ಥೆಯಿದೆ, ಬೆಂಗಳೂರು, ಮಂಗಳೂರು, ಮಣಿಪಾಲಗಳಲ್ಲಿ ತಜ್ಞರಿದ್ದಾರೆ. ಬಡವರ ಖರ್ಚು ಭರಿಸಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ. ಸರದಿ ಉದ್ದವಿದ್ದರೆ ಎಷ್ಟು ಉದ್ದವೆಂದು ತಿಳಿಯುವುದೂ ನೋಂದಣಿಯಿಂದಲೇ. ತುರ್ತಿನ ಮಗುವನ್ನು ಮುಂದೆ ತರುವುದು, ಆರು ತಿಂಗಳು ಕಾಯಬಹುದಾದ ಮಗುವಿನ ತೂಕ ನೋಡಿಕೊಳ್ಳುವುದು, ತಾನಾಗಿ ಮುಚ್ಚಿಕೊಳ್ಳುವ ಸಣ್ಣ ತೂತಿನ ಬಗ್ಗೆ ತಾಯಿಗೆ ಧೈರ್ಯ ಹೇಳುವುದು, ಇವೂ ಚಿಕಿತ್ಸೆಯ ಭಾಗಗಳೇ. ಪಟ್ಟಿಯಿಲ್ಲದ ಕಡೆಯೂ ಸರದಿ ಇದ್ದೇ ಇರುತ್ತದೆ. ಅಲ್ಲಿ ಮುಂದೆ ನಿಲ್ಲುವವರು ದುಡ್ಡು, ಪರಿಚಯ, ವಶೀಲಿ ಇರುವವರು.

ಎರಡನೆಯ ಆಕ್ಷೇಪ ಸುಳ್ಳು ಎಚ್ಚರಿಕೆಯದ್ದು. ಆರೋಗ್ಯವಂತ ಮಗುವನ್ನೂ ರೋಗಿಯೆಂದು ಹೆದರಿಸಿದರೆ ಬಾಣಂತಿಯ ಗತಿಯೇನು? ಲ್ಯಾನ್ಸೆಟ್ ಪ್ರಕಟಿಸಿದ ಆ ವಿಶ್ಲೇಷಣೆಯಲ್ಲಿ ಇದಕ್ಕೂ ಲೆಕ್ಕವಿದೆ: ಹುಟ್ಟಿದ 24 ಗಂಟೆ ಕಳೆದ ಮೇಲೆ ಪರೀಕ್ಷಿಸಿದರೆ ತಪ್ಪಾಗಿ ಗುರುತಿಸಲ್ಪಡುವ ಶಿಶುಗಳು ಹತ್ತು ಸಾವಿರಕ್ಕೆ ಐದು. ಹಾಗೆ ಸಿಕ್ಕಿದವರಲ್ಲೂ ಹಲವರಿಗೆ ಸೋಂಕೋ ಉಸಿರಾಟದ ತೊಂದರೆಯೋ ಇರುತ್ತದೆ, ಅವರನ್ನು ಹೇಗೂ ನೋಡಲೇಬೇಕು. ಇದಕ್ಕಿಂತ ಕಠಿಣವಾದದ್ದು ಸಾಮಾಜಿಕ ಭಯ. ಹಾರ್ಟಿನ ತೊಂದರೆ ಎಂಬ ಮಾತು ಹೆಣ್ಣುಮಗುವಿನ ಹೆಸರಿಗೆ ಅಂಟಿಕೊಂಡರೆ ಇಪ್ಪತ್ತು ವರ್ಷಗಳ ನಂತರ ಸಂಬಂಧ ಕೇಳಲು ಬಂದವರು ಅದನ್ನು ಎತ್ತುತ್ತಾರೆ ಎಂದು ಮನೆಯವರು ಅಂಜುವುದುಂಟು. ಈ ಅಂಜಿಕೆಯನ್ನು ಮೂಢತನವೆಂದು ತಳ್ಳಿಹಾಕುವವರಿಗೆ ನಮ್ಮ ಸಮಾಜ ಗೊತ್ತಿಲ್ಲ. ನೋಂದಣಿಯ ವಿವರ ಚಿಕಿತ್ಸೆ ಕೊಡುವವರ ಹೊರತು ಇನ್ನಾರಿಗೂ ಸಿಗದಂತೆ ಕಾಪಾಡುವುದು, ಊರೆದುರು ಹೆಸರು ಓದುವ ಶಿಬಿರಗಳನ್ನು ಬಿಡುವುದು ಸಂಶೋಧಕರ ಮತ್ತು ಸರಕಾರದ ಹೊಣೆ. ಆದರೆ ಅವಮಾನಕ್ಕೆ ಅಂಜಿ ರೋಗ ಮುಚ್ಚಿಟ್ಟರೆ ಅದರ ಬೆಲೆ ತೆರುವವಳು ಅದೇ ಹುಡುಗಿ. ಬಿಗಿದ ಕವಾಟ ಎಷ್ಟೋ ಸಲ ಮೊದಲು ಬಯಲಾಗುವುದು ಅವಳು ಗರ್ಭಿಣಿಯಾದಾಗ, ಹೃದಯದ ಮೇಲಿನ ಭಾರ ಹೆಚ್ಚಾದ ಹೊತ್ತಿನಲ್ಲಿ.

ಇದೆಲ್ಲ ಈಗಾಗಲೇ ಇದೆಯಲ್ಲ ಎಂಬುದು ಮೂರನೆಯ ಆಕ್ಷೇಪ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಜನ್ಮಜಾತ ಹೃದ್ರೋಗವೂ ಕೀಲುಜ್ವರದ ಹೃದ್ರೋಗವೂ ಇವೆ. ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಹೋಗಬೇಕೆಂಬ ನಿಯಮವಿದೆ. ನಿಜ, ಇದು ಒಳ್ಳೆಯ ಅಡಿಪಾಯ. ಆದರೆ ಎಷ್ಟು ಮಕ್ಕಳನ್ನು ತಪಾಸಿಸಿದೆವು ಎಂಬ ಲೆಕ್ಕಕ್ಕೂ ಅವರಲ್ಲಿ ಎಷ್ಟು ಮಕ್ಕಳು ಐದು ವರ್ಷದ ಮೇಲೆ ಚೆನ್ನಾಗಿದ್ದಾರೆ ಎಂಬ ಲೆಕ್ಕಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ಕಾರ್ಯಕ್ರಮದ ವರದಿ, ಎರಡನೆಯದು ಸಂಶೋಧನೆ. ಫಲಿತಾಂಶವನ್ನು ಎಣಿಸದಿದ್ದರೆ ಒಳ್ಳೆಯ ಆಸ್ಪತ್ರೆಯೂ ಹೇಗೆ ದಾರಿ ತಪ್ಪಬಹುದು ಎಂಬುದಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್ ಸಾಕ್ಷಿ. ಅಲ್ಲಿನ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಕುರಿತ ಸಾರ್ವಜನಿಕ ವಿಚಾರಣೆ 2001ರಲ್ಲಿ ಕೊಟ್ಟ ವರದಿಯಂತೆ, 1991ರಿಂದ 1995ರ ನಡುವೆ ಅಲ್ಲಿ ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು ಬೇರೆ ಸಾಮಾನ್ಯ ಕೇಂದ್ರದಲ್ಲಿ ಆಗಬಹುದಾಗಿದ್ದಕ್ಕಿಂತ ಹೆಚ್ಚಾಗಿ ಸತ್ತಿದ್ದರು. ಅದನ್ನು ಮೊದಲು ಕಂಡವರು ಸ್ಟೀಫನ್ ಬೋಲ್ಸಿನ್ ಎಂಬ ಅರಿವಳಿಕೆ ತಜ್ಞರು, ಕಂಡದ್ದು ಸಾವುಗಳನ್ನು ಒಂದೊಂದಾಗಿ ಬರೆದಿಟ್ಟದ್ದರಿಂದ. ಆ ಬಳಿಕ ಬ್ರಿಟನ್ನಿನಲ್ಲಿ ಪ್ರತಿ ಕೇಂದ್ರದ ಫಲಿತಾಂಶ ಜನರೆದುರು ತೆರೆದಿಡುವ ಪದ್ಧತಿ ಬೇರೂರಿತು. ಎಣಿಕೆ ಹಳ್ಳಿಯ ಮಗುವಿಗೆ ಮಾತ್ರ ಬೇಕಾದದ್ದಲ್ಲ, ಶಸ್ತ್ರಚಿಕಿತ್ಸೆಯ ಮೇಜಿಗೂ ಬೇಕು.

ಉಡುಪಿ ಜಿಲ್ಲೆ ಈ ಕೆಲಸಕ್ಕೆ ಕರ್ನಾಟಕದಲ್ಲೇ ಹೇಳಿಮಾಡಿಸಿದ ನೆಲ ಎಂದರೆ ಉತ್ಪ್ರೇಕ್ಷೆಯಲ್ಲ. ಡಾ. ಟಿ.ಎಂ.ಎ. ಪೈ ಮತ್ತು ಜೊತೆಗಾರರು ಉಡುಪಿಯಲ್ಲಿ ಕಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಯಾವ ಬ್ಯಾಂಕಿನ ಲೆಕ್ಕಕ್ಕೂ ಬಾರದ ಬಡವರ ಚಿಲ್ಲರೆ ಹೀಗೆ ದೊಡ್ಡ ನಿಧಿಯಾಯಿತು. ಅದೇ ಡಾ. ಪೈ 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಸ್ಥಾಪಿಸಿದರು. ಆ ಕಾಲೇಜು ಸುತ್ತಲಿನ ಹಳ್ಳಿಗಳಲ್ಲಿ ತಾಯಿ-ಮಕ್ಕಳ ಕ್ಷೇಮ ಕೇಂದ್ರಗಳನ್ನು ನಡೆಸಿಕೊಂಡು ಬಂದಿದೆ. ಮನೆಬಾಗಿಲಿಗೆ ಹೋಗುವ ಶಿಸ್ತು, ಚಿಕ್ಕದನ್ನೂ ಬರೆದಿಡುವ ಶಿಸ್ತು, ವಿಜ್ಞಾನದ ಶಿಸ್ತು ಮೂರೂ ಒಂದೇ ನೆಲದಲ್ಲಿ ಬೆಳೆದಿವೆ. ಇಲ್ಲಿ ಹೆರಿಗೆಗಳು ಬಹುಮಟ್ಟಿಗೆ ಆಸ್ಪತ್ರೆಯಲ್ಲೇ ಆಗುತ್ತವೆ, ಆಶಾ ಕಾರ್ಯಕರ್ತೆಗೆ ತನ್ನ ಊರಿನ ಪ್ರತಿ ಬಾಣಂತಿಯ ಹೆಸರು ಗೊತ್ತು. ಆದರೆ ಈಗಾಗಲೇ ಹತ್ತಾರು ಸಮೀಕ್ಷೆಗಳ ಹೊರೆ ಹೊತ್ತ ಆಕೆಯ ತಲೆಗೆ ಇದನ್ನೂ ಸಂಬಳವಿಲ್ಲದ ಕೆಲಸವಾಗಿ ಕಟ್ಟಬಾರದು. ಆಕ್ಸಿಮೀಟರಿನ ಪರೀಕ್ಷೆ ಹೆರಿಗೆ ವಾರ್ಡಿನ ನರ್ಸುಗಳ ನಿತ್ಯದ ಕೆಲಸವಾಗಲಿ, ನೋಂದಣಿಯನ್ನು ನೋಡಿಕೊಳ್ಳಲು ಜಿಲ್ಲೆಗೆ ಪ್ರತ್ಯೇಕ ಸಿಬ್ಬಂದಿ ಇರಲಿ, ಮನೆಭೇಟಿಗೆ ಆಶಾಗೆ ತಕ್ಕ ಗೌರವಧನ ಸಿಗಲಿ.

ಇನ್ನೊಂದು ಬದಲಾವಣೆ ವೈದ್ಯಲೋಕದ ಒಳಗೇ ಆಗಬೇಕು. ಅಪರೂಪದ ಒಂದು ಶಸ್ತ್ರಚಿಕಿತ್ಸೆ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಒಂದು ತಾಲೂಕಿನ ಎಲ್ಲ ಮಕ್ಕಳನ್ನು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನಕ್ಕೆ ಬಡ್ತಿಯೂ ಸಿಗದು, ಅನುದಾನವೂ ಸಿಗದು. ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳು ವಾರ್ಡಿಗೆ ಬಂದ ಐವತ್ತು ನೂರು ರೋಗಿಗಳಿಗೆ ಸೀಮಿತವಾಗುವ ಬದಲು, ಒಂದು ತಂಡದ ನಂತರ ಇನ್ನೊಂದು ತಂಡ ಅದೇ ನೋಂದಣಿಯನ್ನು ಮುಂದುವರಿಸುವಂತೆ ರೂಪುಗೊಂಡರೆ ಹತ್ತು ವರ್ಷದಲ್ಲಿ ಕರ್ನಾಟಕಕ್ಕೆ ತನ್ನದೇ ಅಂಕಿಅಂಶ ಸಿಗುತ್ತದೆ. ಆಗ ಬಲ್ಲಭಗಢದ ಲೆಕ್ಕವನ್ನೋ ಉಗಾಂಡದ ಲೆಕ್ಕವನ್ನೋ ಎರವಲು ತರಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ ಕೀಲುಜ್ವರದ ಹೃದ್ರೋಗ ನಿಜಕ್ಕೂ ಇಳಿದಿದೆಯೇ, ಘಟ್ಟದ ಬದಿಯ ಬಡಾವಣೆಗಳಲ್ಲಿ ಉಳಿದಿದೆಯೇ, ಎಷ್ಟು ದಿನದ ಶಿಶುಗಳು ಚಿಕಿತ್ಸೆಗೆ ಬರುತ್ತವೆ ಎಂಬುದಕ್ಕೆ ಇಲ್ಲಿನ ಉತ್ತರವೇ ಸಿಗುತ್ತದೆ, ಆ ಉತ್ತರದ ಮೇಲೆ ಹಣವನ್ನೂ ವೈದ್ಯರನ್ನೂ ಹಂಚಬಹುದು. ಒಂದು ಮಗುವಿನ ಹೃದಯ ರಿಪೇರಿ ಮಾಡುವುದು ಒಬ್ಬ ತಜ್ಞನ ಸಾಮರ್ಥ್ಯ. ಹುಟ್ಟಿದ ಪ್ರತಿ ಮಗುವಿನ ಹೃದಯ ಹೇಗಿದೆ ಎಂದು ತಿಳಿದಿರುವುದು ಸಮಾಜವೊಂದು ತನ್ನ ಮಕ್ಕಳನ್ನು ಸಮಾನವಾಗಿ ಕಾಣುತ್ತದೆಯೇ ಎಂಬುದರ ಪರೀಕ್ಷೆ. ಹೆಬ್ರಿಯಲ್ಲಿ ಹುಟ್ಟುವ ಮಗು ಮನೆಗೆ ಹೊರಡುವ ಮೊದಲು ಅದರ ಬಲಗೈ ಮತ್ತು ಪಾದದ ಆಮ್ಲಜನಕದ ಅಂಕಿ ತಾಯಿ ಕಾರ್ಡಿನಲ್ಲಿ ಬರೆದಿರಬೇಕು ಎಂದು ಉಡುಪಿ ಜಿಲ್ಲಾಡಳಿತವೂ ಮಣಿಪಾಲವೂ ಸೇರಿ ಈ ವರ್ಷವೇ ನಿರ್ಧರಿಸಬಹುದು. ಅದಕ್ಕೆ ಹೊಸ ಕಟ್ಟಡವಾಗಲಿ ಹೊಸ ಶೋಧವಾಗಲಿ ಬೇಕಾಗಿಲ್ಲ.